ಎಂಟಾಗುವ ನಾಣ್ಯ

“ಮನೆಯಿಂದ ಮತ್ತೆ ಕರೆ ಬಂತು, ಗುರುಗಳೇ. ನಾನು ಲೆಕ್ಕ ಹಿಡಿದು ಕುಳಿತರೆ ಸಾಕು, ನಮ್ಮ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಹಸಿವಾಗುತ್ತದೆ. ಇದೊಂದನ್ನು ಕೇಳಿಯೇ ಏಳುತ್ತೇನೆ. ಬಡ್ಡಿ ಕ್ಷಣಕ್ಷಣಕ್ಕೂ ಬೆಳೆಯುವುದಾದರೆ, ಹೊಟ್ಟೆಬಟ್ಟೆ ಕಟ್ಟಿ ಈಗಲೇ ಕೂಡಿಡುವುದು ಜಾಣತನವಲ್ಲವೆ?” ಎಂದು ಶಿಷ್ಯೆ ಕೇಳಿದಳು. ಅವಳ ಮಗನಿಗೆ ಆಗ ಎರಡು ವರ್ಷ.

ಗುರು ಹೇಳಿದರು:

ಹಾಲು ಮಾರುವವಳೊಬ್ಬಳಿದ್ದಳು. ಗಂಡ ಸತ್ತಿದ್ದ. ಒಂದು ಎಮ್ಮೆ, ಒಬ್ಬಳು ಮಗಳು. ತಾನು ಅಕ್ಷರ ಕಾಣದವಳಾದ್ದರಿಂದ ಮಗಳನ್ನು ಪಟ್ಟಣಕ್ಕೆ ಕಳಿಸಿ ಓದಿಸಬೇಕೆಂಬ ಹಟ ಅವಳಿಗಿತ್ತು.

ಆ ಊರಿನಲ್ಲಿ ಕಲನಶಾಸ್ತ್ರ ಬಲ್ಲ ಒಬ್ಬ ಪಂಡಿತನಿದ್ದ. ಅವನು ಅವಳಿಗೆ ವಿವರಿಸಿದ. ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿದರೆ ಒಂದು ಮೊತ್ತ. ತಿಂಗಳಿಗೊಮ್ಮೆ ಸೇರಿಸಿದರೆ ಅದಕ್ಕಿಂತ ಹೆಚ್ಚು. ದಿನವನ್ನು ಗಳಿಗೆಯಾಗಿ, ಗಳಿಗೆಯನ್ನು ಕ್ಷಣವಾಗಿ ಒಡೆಯುತ್ತ ಹೋದರೆ ಇನ್ನೂ ಸ್ವಲ್ಪ ಹೆಚ್ಚು. ಕೊನೆಗೆ ಒಂದು ಮಿತಿಯ ಬಳಿ ಅದು ನಿಲ್ಲುತ್ತದೆ. ಊರಿನ ಸಾಹುಕಾರ ಆ ಲೆಕ್ಕದಲ್ಲೇ ಬಡ್ಡಿ ಕೊಡಲು ಒಪ್ಪಿದ.

“ಹಾಗೆ ಬೆಳೆಯುವ ಹಣ, ಯಾವ ಕ್ಷಣದಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕ ವೇಗದಲ್ಲಿ ಬೆಳೆಯುತ್ತದೆ. ಮೊದಲ ವರ್ಷದ ಒಂದು ನಾಣ್ಯ ನಿನ್ನ ಮಗಳು ಪಟ್ಟಣಕ್ಕೆ ಹೋಗುವ ಹೊತ್ತಿಗೆ ಎಂಟಾಗುತ್ತದೆ. ಕೊನೆಯ ವರ್ಷದ ನಾಣ್ಯ ಹೆಚ್ಚುಕಡಿಮೆ ಒಂದಾಗಿಯೇ ಉಳಿಯುತ್ತದೆ. ಮೊದಲಲ್ಲಿ ಬಿಗಿಹಿಡಿ, ಆಮೇಲೆ ಸಡಿಲಿಸು” ಎಂದ ಪಂಡಿತ.

ಅವಳು ಬಿಗಿಹಿಡಿದಳು. ಕರೆದ ಹಾಲೆಲ್ಲ ಮಾರಾಟಕ್ಕೆ ಹೋಯಿತು. ಮಗುವಿಗೆ ಬರಿಯ ಗಂಜಿ. ಹಾಗೆ ಕೂಡಿಡತೊಡಗಿದ ಮೂರನೆಯ ವರ್ಷದಲ್ಲಿ ಮಗು ಸಂಜೆಯಾದರೆ ಗೋಡೆ ತಡವುತ್ತ ನಡೆಯತೊಡಗಿತು.

ನೆರೆಯವಳು ಬೈದಳು: “ಇರುಳುಗಣ್ಣು ಕಣೇ ಅದು! ಎಮ್ಮೆಯ ಕರುವಿಗೂ ಒಂದು ಮೊಲೆ ಬಿಡುತ್ತೀಯೆ. ಹೆತ್ತ ಮಗಳೇನು ಪಾಪ ಮಾಡಿದ್ದಾಳೆ?”

“ಕರುವನ್ನು ಓದಿಸುವ ಖರ್ಚಿಲ್ಲ ಬಿಡು. ಎರಡು ವರ್ಷ ಕಳೆಯಲಿ, ಇವಳಿಗೆ ಮಡಕೆಗಟ್ಟಲೆ ಕುಡಿಸುತ್ತೇನೆ.”

ಎರಡು ವರ್ಷ ಕಳೆಯಿತು. ಅವಳು ಮಡಕೆಗಟ್ಟಲೆ ಕುಡಿಸಿದಳು. ಅಷ್ಟರಲ್ಲಿ ಮಗಳಿಗೆ ಹಗಲೂ ಇರುಳೂ ಒಂದೇ ಆಗಿತ್ತು.

ಹಣ ಮಾತ್ರ ಹೇಳಿದ ದಿನಕ್ಕೆ ಹೇಳಿದಷ್ಟು ಕೈಗೆ ಬಂತು. ಬೇರೇನು ಮಾಡಬೇಕೆಂದು ತೋಚದೆ ತಾಯಿ ಚೀಲವನ್ನು ಮಗಳ ಮಡಿಲಿಗಿಟ್ಟಳು. ಮಗಳು ಅದನ್ನು ಎತ್ತಿ ತೂಕ ನೋಡಿದಳು.

“ಅಮ್ಮಾ, ನನ್ನ ಕಣ್ಣು ಉಳಿಯಲು ಬೇಕಿದ್ದ ಹಾಲಿನ ದುಡ್ಡು ಇದರಲ್ಲಿ ಎಷ್ಟಿದೆ?”

ತಾಯಿ ಚೀಲ ಹೊತ್ತು ಪಂಡಿತನ ಬಳಿಗೆ ಹೋದಳು. ಸೂತ್ರ ಅದೇ. ಬರುವ ವರ್ಷಗಳದ್ದನ್ನು ಎಣಿಸಿದಂತೆ ಕಳೆದ ವರ್ಷಗಳದ್ದನ್ನೂ ಎಣಿಸಬಹುದು. ಅವನು ಎಣಿಸಿ, ಚೀಲದಿಂದ ಒಂದು ಹಿಡಿ ನಾಣ್ಯ ತೆಗೆದು ಪಕ್ಕಕ್ಕಿಟ್ಟ. “ಆ ವರ್ಷಗಳಲ್ಲಿ ದಿನಕ್ಕೊಂದು ಲೋಟ ಹಾಲು. ಈವರೆಗಿನ ಬಡ್ಡಿಯೂ ಸೇರಿ ಇಷ್ಟೇ” ಎಂದ.

ಗುರು ಅಲ್ಲಿಗೆ ನಿಲ್ಲಿಸಿದರು.

“ಮಗಳಿಗೆ ಅವಳು ಏನು ಹೇಳಿದಳು?” ಎಂದು ಶಿಷ್ಯೆ ಕೇಳಿದಳು.

ಅದಕ್ಕೆ ಗುರು ಹೇಳಿದರು:

“ನೀನಾಗಿದ್ದರೆ, ಆ ಒಂದು ಹಿಡಿಯನ್ನು ಆ ಮಗಳ ಕೈಗೆ ಕೊಡುತ್ತಿದ್ದೆಯೋ?”