ಹಗ್ಗ ಹಿಡಿದವನ ಉಸಿರು

“ಬುದ್ಧಿ, ಮೊದಲೆಲ್ಲ ಒಂದು ಸುಳ್ಳಾಡಿದರೆ ಎದೆ ಚುರುಕ್ಕೆನ್ನುತ್ತಿತ್ತು. ಜಪಕ್ಕೆ ಕೂತರೂ ಬಿಡುತ್ತಿರಲಿಲ್ಲ. ಈಗ ಏನೂ ಅನ್ನಿಸುವುದಿಲ್ಲ. ಮನಸ್ಸು ಶಾಂತವಾದ ಗುರುತಲ್ಲವೇ ಇದು?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಭೂಮಧ್ಯ ಸಮುದ್ರದಲ್ಲಿ ಒಂದು ಸಣ್ಣ ಕಲ್ಲುದ್ವೀಪ. ಬಿತ್ತಲು ಹಿಡಿ ಮಣ್ಣಿಲ್ಲ. ಅಲ್ಲಿಯ ಜನ ಉಸಿರು ಕಟ್ಟಿ ಕಡಲಿಗಿಳಿದು, ತಳದ ಬಂಡೆಗೆ ಅಂಟಿ ಬೆಳೆಯುವ ಸ್ಪಂಜು ಕಿತ್ತು ತಂದು, ಮಾರಿ ಹೊಟ್ಟೆ ಹೊರೆಯುತ್ತಿದ್ದರು. ಮುಳುಗುವವನ ಸೊಂಟಕ್ಕೆ ಹಗ್ಗ. ಅದರ ತುದಿ ಹಿಡಿದು ದೋಣಿಯಲ್ಲಿ ಕೂರುವವನು ಅವನ ಹೆಂಡತಿಯ ಅಣ್ಣನೇ ಆಗಬೇಕು. ತಂಗಿಯ ಬಾಳು ಅವನ ಕೈಯಲ್ಲಿರಲಿ ಎಂದು. ಕೆಳಗಿನವನು ಉಸಿರು ಕಟ್ಟಿದಾಗ ಮೇಲಿನವನೂ ಕಟ್ಟಬೇಕು. ತನ್ನೆದೆ ತಡೆಯಲಾರದೆ ಹೋದ ಕೂಡಲೇ ಎಳೆಯಬೇಕು. ಇದು ಕಟ್ಟಳೆ.

ಒಬ್ಬ ಮುಳುಗುಗಾರನಿಗೆ ಈ ಕಟ್ಟಳೆ ಸರಿಬರಲಿಲ್ಲ. ಒಳ್ಳೆಯ ಸ್ಪಂಜು ಕೈಗೆಟುಕುವ ಹೊತ್ತಿಗೇ ಭಾವ ಎಳೆದುಬಿಡುತ್ತಿದ್ದ. ಆ ಹೊತ್ತಿಗೆ ಮುಳುಗುಗಾರನ ಎದೆಯೂ ಉರಿಯುತ್ತಿತ್ತು, ಆದರೆ ಅವನು ಒಪ್ಪುತ್ತಿರಲಿಲ್ಲ. ಆಮೇಲೆ ಒಂದು ಉಪಾಯ ಕಂಡುಕೊಂಡ. ಇಳಿಯುವ ಮುಂಚೆ ನಾಯಿಯ ಹಾಗೆ ಏದುಸಿರು ಬಿಟ್ಟರೆ ನೀರಿನಲ್ಲಿ ಎದೆ ಉರಿಯುವುದೇ ಇಲ್ಲ.

“ಭಾವ, ಇವತ್ತು ನಾನು ಹಗ್ಗ ಜಗ್ಗುವ ತನಕ ಎಳೆಯಬೇಡ. ಬರಿಗೈಲಿ ಹೋದರೆ ನಿನ್ನ ತಂಗಿ ಉಗಿಯುತ್ತಾಳೆ.”

“ನೀನಿಲ್ಲದೆ ನಾನೊಬ್ಬನೇ ಹೋದರೆ ಆರತಿ ಎತ್ತುತ್ತಾಳೇನೋ?” ಎಂದ ಭಾವ.

ಮುಳುಗುಗಾರ ಏದುಸಿರು ಬಿಟ್ಟು ಇಳಿದ. ತಳ ಸೇರಿದ. ಎದೆ ತಣ್ಣಗಿತ್ತು. ಒಂದು ಸ್ಪಂಜು ಕಿತ್ತ, ಇನ್ನೊಂದಕ್ಕೆ ಕೈ ಚಾಚಿದ. ಅಷ್ಟು ಸುಖ ಅವನೆಂದೂ ಕಂಡಿರಲಿಲ್ಲ. ಉಸಿರು ತೀರಿದ್ದೂ ತಿಳಿಯಲಿಲ್ಲ, ಹಗ್ಗದ ನೆನಪೂ ಬರಲಿಲ್ಲ. ಹಾಗೆಯೇ ಕಣ್ಣು ಮುಚ್ಚಿದ.

ಕಣ್ಣು ತೆರೆದಾಗ ಮೇಲೆ ಆಕಾಶ. ಭಾವ ಅವನ ಕೆನ್ನೆಗೆ ಬಾರಿಸುತ್ತಿದ್ದ, ಅಳುತ್ತಲೂ ಇದ್ದ. ಮುಳುಗುಗಾರ ಉಸಿರೆಳೆದ. ಎದೆ ಭಗ್ಗೆಂದು ಉರಿಯಿತು. ಆ ಉರಿ ಬಿಸಿ ಹಾಲು ಕುಡಿದಷ್ಟು ಹಿತವಾಗಿತ್ತು.

“ನಾನು ಜಗ್ಗಲೇ ಇಲ್ಲವಲ್ಲ ಭಾವ, ಯಾಕೆ ಎಳೆದೆ?”

“ನಿನ್ನೆದೆ ಉರಿಯಲಿಲ್ಲ ಮಾರಾಯ. ನನ್ನದು ಉರಿಯಿತು.”

ಕತೆ ಕೇಳುತ್ತ ತಾನೂ ಉಸಿರು ಕಟ್ಟಿದ್ದ ಶಿಷ್ಯ ಅದನ್ನು ಬಿಟ್ಟ. “ಸದ್ಯ, ಬದುಕಿದ! ಆ ಭಾವ ದೊಡ್ಡವನು ಬುದ್ಧಿ.”

ಗುರುಗಳು ಅವನನ್ನೇ ನೋಡಿದರು.

“ಮಗು, ನಿನ್ನೆದೆ ಚುರುಕ್ಕೆನ್ನುವುದು ನಿಂತಾಗಿನಿಂದ ನನ್ನದು ಉರಿಯುತ್ತಿದೆ.”