ಸಿಂಹಮುಖದ ಕೊಳವೆ

ತಪ್ಪು ದಳಪತಿ ಸಿಸಿನ್ನಿಯೋಸನದು. ಅವನು ಕೊಳವೆಯ ಬಾಯಿಯನ್ನು ಉಜ್ಜಿಸಿದ, ಹೊಟ್ಟೆಯನ್ನು ನೋಡಲಿಲ್ಲ. ಹೇಳಲು ಬಂದವನ ಬಾಯಿ ಮುಚ್ಚಿಸಲು ಹೋದ.

ಇದು ಸಾವಿರ ವರ್ಷಗಳ ಹಿಂದಿನ ಮಾತು. ಬೈಜಾಂಟಿಯಮ್ ಸಾಮ್ರಾಜ್ಯದ ಯುದ್ಧನೌಕೆಗಳ ಮುಂಭಾಗದಲ್ಲಿ ಸಿಂಹಮುಖದ ಕಂಚಿನ ಕೊಳವೆ ಇರುತ್ತಿತ್ತು. ಪಂಪು ಒತ್ತಿದರೆ ಅದರಿಂದ ಬೆಂಕಿ ಚಿಮ್ಮುತ್ತಿತ್ತು, ನೀರಿನ ಮೇಲೂ ಉರಿಯುವ ಬೆಂಕಿ. ಅದರ ಗುಟ್ಟನ್ನು ಯಾರೂ ಬಾಯಿಬಿಡಬಾರದು ಎಂದು ರಾಜಾಜ್ಞೆ.

ಸಿಸಿನ್ನಿಯೋಸನ ಹಡಗಿನಲ್ಲಿ ಪಂಪು ಒತ್ತುತ್ತಿದ್ದವನು ಮುದುಕ ಕೊಸ್ಮಾಸ್. ಅವನ ಹುಬ್ಬು ಸುಟ್ಟುಹೋಗಿ ಎಷ್ಟೋ ವರ್ಷವಾಗಿತ್ತು. ಶತ್ರು ಹಡಗುಗಳು ಬರುತ್ತಿವೆ ಎಂಬ ಸುದ್ದಿ ಬಂದ ಬೆಳಿಗ್ಗೆ ಅವನು ಪಂಪಿನೊಳಗೆ ಬೆರಳಿಟ್ಟು ನೋಡಿದ. ಒಳಗಿನ ಚರ್ಮದ ಬಿಲ್ಲೆ ಒಣಗಿ ಬಿರುಕು ಬಿಟ್ಟಿತ್ತು. ಚಳಿಗಾಲವಿಡೀ ಅದಕ್ಕೆ ಯಾರೂ ಎಣ್ಣೆ ಹಚ್ಚಿರಲಿಲ್ಲ.

"ಒಡೆಯಾ, ಚರ್ಮ ಸೀಳಿದೆ. ಬೆಂಕಿ ಮುಂದೆ ಹೋಗಲ್ಲ, ನಮ್ಮ ಮೇಲೇ ಬರುತ್ತೆ. ಹುಟ್ಟು ಹಾಕೋರು ಇನ್ನೂರು ಜನ ಇದಾರೆ."

"ಶ್! ಬೆಂಕಿಯ ವಿಷಯ ಮಾತಾಡಬಾರದು ಅಂತ ಆಜ್ಞೆ ಇಲ್ಲವೇನೋ? ನಾಲಿಗೆ ಕತ್ತರಿಸಿಬಿಟ್ಟೇನು!"

"ಗುಟ್ಟು ಬೆಂಕಿಯದು, ಒಡೆಯಾ. ತೂತು ನಮ್ಮದು."

ಹುಟ್ಟು ಹಾಕುವವರಲ್ಲಿ ಯಾರೋ ಕಿಸಕ್ಕೆಂದರು. ದಳಪತಿಯ ಮುಖ ಕೆಂಪಾಯಿತು. "ಎಲ್ಲ ಸರಿಯಾಗಿದೆ. ನಾನು ಹೇಳ್ತಿದೀನಿ."

"ಹಾಗಾದ್ರೆ ಇಲ್ಲಿ, ನನ್ನ ಪಕ್ಕ ನಿಂತು ಹೇಳಿ. ಬೆಂಕಿ ಬೇಡ, ಬರೀ ನೀರು ತುಂಬ್ತೀನಿ."

ಅಷ್ಟು ಜನರೆದುರು ಹಿಂಜರಿಯಲು ಅವನಿಗೆ ನಾಚಿಕೆ. ಬಂದು ನಿಂತ. ಕೊಸ್ಮಾಸ್ ಪಂಪು ಒತ್ತಿದ. ಸಿಂಹದ ಬಾಯಿಂದ ನಾಲ್ಕು ಹನಿ ಬಿದ್ದವು. ಉಳಿದ ನೀರೆಲ್ಲ ಪಂಪಿನ ಹಿಂದಿನಿಂದ ಭುಸ್ಸೆಂದು ಚಿಮ್ಮಿ ದಳಪತಿಯನ್ನು ಗಡ್ಡದಿಂದ ಮೊಣಕಾಲಿನವರೆಗೆ ತೋಯಿಸಿತು.

ಯಾರೂ ನಗಲಿಲ್ಲ. ಅದು ಬೆಂಕಿಯಾಗಿದ್ದರೆ?

ದಳಪತಿ ಗಡ್ಡ ಹಿಂಡಿಕೊಂಡ. "ಸದ್ಯ, ನೀರು," ಎಂದ ಮೆಲ್ಲಗೆ. ಆಮೇಲೆ ಕೂತು ತನ್ನ ಬೂಟುಗಳನ್ನು ಬಿಚ್ಚಿ ಕೊಟ್ಟ. "ಚೆನ್ನಾಗಿ ಎಣ್ಣೆ ಕುಡಿದ ಚರ್ಮ. ಸಾಕಾಗುತ್ತಾ?"

"ಒಂದು ಸಾಕು, ಒಡೆಯಾ. ಇನ್ನೊಂದು ಹಾಕ್ಕೊಳ್ಳಿ."

ಈಗ ಎಲ್ಲರೂ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕೊಸ್ಮಾಸ್ ಬೂಟಿನ ಚರ್ಮದಿಂದ ಹೊಸ ಬಿಲ್ಲೆ ಕತ್ತರಿಸಿ ಪಂಪಿಗೆ ಕೂರಿಸಿದ. ಮಧ್ಯಾಹ್ನ ಶತ್ರು ಹಡಗುಗಳು ಬಂದವು. ಬೆಂಕಿ ಮುಂದಕ್ಕೇ ಹೋಯಿತು. ಅದನ್ನು ಕಂಡು ಅವು ತಿರುಗಿ ಓಡಿದವು. ಇನ್ನೂರು ಜನರೂ ಜೀವಂತವಾಗಿ ದಡ ಸೇರಿದರು. ದಳಪತಿ ಒಂದೇ ಬೂಟಿನಲ್ಲಿ ಇಳಿದ.

ನೀತಿ: ಗುಟ್ಟು ಇರುವುದು ಶತ್ರುವಿಗೆ ತಿಳಿಯದಿರಲಿ ಎಂದು. ಅದರ ಹೆಸರಿನಲ್ಲಿ ತಪ್ಪು ಮುಚ್ಚುವವನು ತನ್ನವರನ್ನೇ ಸುಡುತ್ತಾನೆ. ಎಲ್ಲಾದರೂ ಬಿರುಕು ನಿಮ್ಮ ಕಣ್ಣಿಗೆ ಬಿದ್ದಿದೆಯೇ? ಇವತ್ತೇ ಹೇಳಿ. "ಎಲ್ಲ ಸರಿಯಾಗಿದೆ" ಎನ್ನುವವನ ಕೈಹಿಡಿದು ಎಳೆತನ್ನಿ, ಪಂಪಿನ ಪಕ್ಕ ನಿಲ್ಲಿಸಿ.