ಎರಡನೆಯ ಕಚ್ಚು

"ಗುರುಗಳೇ, ಮೂರು ವರ್ಷವಾಯಿತು, ನನಗೆ ಕೋಪ ಬಂದಿಲ್ಲ. ಅದು ನನ್ನನ್ನು ಬಿಟ್ಟುಹೋಯಿತು ಎಂದು ತಿಳಿಯಬಹುದೇ?"

ಕೇಳಿದವನು ಕರಿಬಸಯ್ಯ. ಮನೆಯಲ್ಲಿ ಜಗಳ ಮಾಡಿಕೊಂಡು ಮಠ ಸೇರಿದವನು. ತಂದೆ ತೀರಿಕೊಂಡ ಸುದ್ದಿಯನ್ನು ಅಣ್ಣ ತಡವಾಗಿ ಹೇಳಿಕಳಿಸಿದ್ದ. ಇವನು ಊರು ಮುಟ್ಟುವ ಹೊತ್ತಿಗೆ ಮಣ್ಣು ಕೊಟ್ಟಾಗಿತ್ತು. ನೆರೆದ ಜನರ ಮುಂದೆಯೇ ಇವನು ಅಣ್ಣನ ಮೇಲೆ ಕೈ ಮಾಡಿದ. ಆಮೇಲೆ ಅವನ ಮುಖ ನೋಡಲಿಲ್ಲ. ಅಣ್ಣ ವರ್ಷಕ್ಕೆ ಎರಡು ಸಲ ಮಠಕ್ಕೆ ಬರುತ್ತಾನೆ. ಬಂದ ಸುದ್ದಿ ಕಿವಿಗೆ ಬಿದ್ದ ಕೂಡಲೇ ಕರಿಬಸಯ್ಯ ಹಿಂಬಾಗಿಲಿನಿಂದ ಗುಡ್ಡದ ಗವಿಗೆ ಹೋಗಿ ಧ್ಯಾನಕ್ಕೆ ಕೂರುತ್ತಾನೆ. ಅಣ್ಣ ಹೋದ ಮೇಲೆ ಇಳಿದು ಬರುತ್ತಾನೆ.

ಬರುವ ಹುಣ್ಣಿಮೆಗೆ ದೀಕ್ಷೆ ಕೊಡಬೇಕೆಂದು ಅವನು ಕೇಳಿಕೊಂಡಿದ್ದ. ಕೋಪ ಹೋದ ದಿನ ಬಂದು ಹೇಳು, ಆಗ ನೋಡೋಣ ಎಂದು ಗುರುಗಳು ಹೇಳಿದ್ದರು. ಅದಕ್ಕೇ ಈ ಪ್ರಶ್ನೆ.

ಗುರುಗಳು ಒಮ್ಮೆ ಹೊರಬಾಗಿಲಿನ ಕಡೆ ನೋಡಿದರು. ಆಮೇಲೆ, "ಕೂತುಕೋ" ಎಂದು ಒಂದು ಕಥೆ ಹೇಳತೊಡಗಿದರು.

ಒಬ್ಬ ಡ್ರೈವರು ಇದ್ದ. ಅವನದೊಂದು ಹಳೆಯ ಕಾರು. ಅವನ ಊರು ಘಟ್ಟದ ಕೆಳಗೆ, ಆಸ್ಪತ್ರೆ ಘಟ್ಟದ ಮೇಲೆ. ಅವನ ಹೆಂಡತಿಯ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಎರಡು ದಿನ ಅವಳನ್ನು ಘಟ್ಟ ಹತ್ತಿಸಿ ಕರೆದೊಯ್ಯಬೇಕು. ಅಲ್ಲಿ ಒಂದು ಯಂತ್ರ ಅವಳ ರಕ್ತವನ್ನು ತೊಳೆದು ವಾಪಸು ಕೊಡುತ್ತದೆ. ಹತ್ತು ಗಂಟೆಗೆ ಅವಳ ಹಾಸಿಗೆ. ಹಿಂದಿನ ವಾರ ಅವರು ತಡವಾಗಿ ಹೋಗಿದ್ದರು. ನರ್ಸು, "ಇನ್ನೊಮ್ಮೆ ತಡವಾದರೆ ಈ ಹಾಸಿಗೆಯನ್ನು ಬೇರೆಯವರಿಗೆ ಕೊಡುತ್ತೇವೆ. ಕಾಯುವವರು ಬಹಳ ಮಂದಿ ಇದ್ದಾರೆ" ಎಂದಿದ್ದಳು.

ತಡವಾಗುತ್ತಿದ್ದುದು ಕಾರಿನಿಂದ. ಸಪಾಟು ದಾರಿಯಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು. ಘಟ್ಟ ಶುರುವಾದರೆ ಒಳಗಿನ ನೀರು ಕುದಿಯುತ್ತಿತ್ತು. ಡ್ರೈವರು ಕಾರು ನಿಲ್ಲಿಸಬೇಕು, ಆರುವವರೆಗೆ ಕಾಯಬೇಕು, ನೀರು ಹೊಯ್ದು ಮತ್ತೆ ಹೊರಡಬೇಕು. ಒಂದು ಗಂಟೆಯ ಏರು ಅವನಿಗೆ ಎರಡೂವರೆ ಗಂಟೆ. ಹಿಂದಿನ ಸೀಟಿನಲ್ಲಿ ಯಾವಾಗಲೂ ಮೂರು ಕ್ಯಾನು ನೀರು.

ಹೆಂಡತಿ ತಮಾಷೆಯವಳು. "ಡಾಕ್ಟರು ನನಗೆ ದಿನಕ್ಕೆ ಮೂರು ಲೋಟ ನೀರು ಅಳೆದು ಕೊಟ್ಟಿದ್ದಾರೆ. ಇವರ ಕಾರಿಗೆ ಮೂರು ಕ್ಯಾನು. ಆದರೂ ಕಾಯಿಲೆ ನನಗಂತೆ" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಘಟ್ಟದ ಬುಡಕ್ಕೆ ಬರುವಷ್ಟರಲ್ಲೇ ಕಾರಿನ ಕೆಳಗೆ ನೀರು ತೊಟ್ಟಿಕ್ಕಿತು. ಆಗ ಆರು ಗಂಟೆ. ರಸ್ತೆಯ ಬದಿಗೆ ಒಂದು ತಗಡಿನ ಶೆಡ್ಡು, ಅದರಲ್ಲಿ ಒಬ್ಬ ಮೇಸ್ತ್ರಿ. ಕಾರು ರಿಪೇರಿ ಮಾಡುವವನು. ಡ್ರೈವರು ಬಾನೆಟ್ಟು ಎತ್ತಿ ತೋರಿಸಿದ. ಇಂಜಿನ್ನಿನ ಬಿಸಿನೀರನ್ನು, ಅದನ್ನು ಆರಿಸುವ ರೇಡಿಯೇಟರಿಗೆ ಒಯ್ಯುವ ಮೇಲಿನ ರಬ್ಬರ್ ಪೈಪು, ಕ್ಲಿಪ್ಪಿನ ಹತ್ತಿರ ಸೀಳಿತ್ತು.

"ಮೇಸ್ತ್ರಿ, ಆ ತುದಿ ಕತ್ತರಿಸಿ ಕ್ಲಿಪ್ಪು ಬಿಗಿ ಮಾಡಿಕೊಡಿ, ಸಾಕು. ಹತ್ತಕ್ಕೆ ಮೇಲಿರಬೇಕು."

ಮೇಸ್ತ್ರಿ ಇಂಜಿನ್ನಿನ ಹತ್ತಿರ ಅಂಗೈ ಹಿಡಿದು ನೋಡಿದ. "ಮೊದಲು ಆರಲಿ" ಎಂದು ಸ್ಟೂಲು ಎಳೆದುಕೊಂಡು ಕೂತ.

"ಆರುವ ತನಕ ಕೂತೇ ಇರುವುದೇ?"

"ನಿಂತರೂ ಅಷ್ಟೇ ಹೊತ್ತು ಹಿಡಿಯುತ್ತದೆ, ಯಜಮಾನರೇ."

ಕರಿಬಸು, ನಾನು ಬಹಳ ಊರು ತಿರುಗಿದವನು. ಕೆಲಸ ಮಾಡುವವರನ್ನು ಎಷ್ಟೋ ಕಂಡಿದ್ದೇನೆ. ಕೆಲಸ ಮುಟ್ಟದೆ ಕೂರಬೇಕಾದ ಹೊತ್ತಿನಲ್ಲಿ ಅವನ ಹಾಗೆ ಕೂತವರನ್ನು ಕಂಡದ್ದು ಕಡಿಮೆ. ಅವನ ಬಲಗೈಯಲ್ಲಿ ಮೊಣಕೈವರೆಗೆ ಸುಟ್ಟ ಕಲೆ ಇತ್ತು. ಯಾವತ್ತೋ ಬಿಸಿ ರೇಡಿಯೇಟರಿನ ಮುಚ್ಚಳ ತೆರೆದಿದ್ದ. ಆ ಪಾಠವನ್ನು ಅವನು ಎರಡನೆಯ ಸಲ ಓದಲಿಲ್ಲ.

ಕರಿಬಸಯ್ಯ ನಡುವೆ ಕೇಳಿದ, "ತಾವು ಅಲ್ಲಿದ್ದಿರಾ, ಗುರುಗಳೇ?"

"ಹಿಂದಿನ ಸೀಟಿನಲ್ಲಿದ್ದೆ. ಪುಣ್ಯಾತ್ಮ ದಾರಿಯಲ್ಲಿ ಹತ್ತಿಸಿಕೊಂಡಿದ್ದ. ಮೂರನೆಯ ಕ್ಯಾನು ನನ್ನ ತೊಡೆಯ ಮೇಲಿತ್ತು" ಎಂದು ಗುರುಗಳು ಮುಂದುವರಿಸಿದರು.

ಇಂಜಿನ್ನು ಆರಿತು. ಮೇಸ್ತ್ರಿ ಮುಚ್ಚಳದ ಮೇಲೆ ಬಟ್ಟೆ ಹಾಕಿ ತಿರುಗಿಸಿದ. ತಿರುಗಿಸಿದವನು ಕೈ ಅಲ್ಲೇ ನಿಲ್ಲಿಸಿದ. ಆ ಮುಚ್ಚಳಕ್ಕೆ ಎರಡು ಕಚ್ಚು ಇರುತ್ತವೆ, ತಿರುಗಿಸುವಾಗ ಹಿಡಿದು ನಿಲ್ಲುವ ಎರಡು ಜಾಗ. ಮೊದಲನೆಯ ಕಚ್ಚಿಗೆ ನಿಲ್ಲಿಸಿದರೆ ಅದು ಬಾಯಿಯ ಮೇಲೆ ಸುಮ್ಮನೆ ಕೂತಿರುತ್ತದೆ. ಎರಡನೆಯ ಕಚ್ಚಿಗೆ ಒತ್ತಿ ತಿರುಗಿಸಿದರೆ ಮಾತ್ರ ಬಾಯಿ ಮುಚ್ಚುತ್ತದೆ.

"ಇದನ್ನು ಒಂದೇ ಕಚ್ಚಿಗೆ ಬಿಟ್ಟಿದ್ದೀರಲ್ಲ."

ಡ್ರೈವರನ ಮುಖದಲ್ಲಿ ಸ್ವಲ್ಪ ಹೆಮ್ಮೆ ಬಂತು. "ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹಳೆಯ ಡ್ರೈವರುಗಳು ಹೇಳಿಕೊಟ್ಟ ಉಪಾಯ. ಪೂರ್ತಿ ಮುಚ್ಚಿದರೆ ಪೈಪು ಸೋರುತ್ತದೆ. ಹೀಗೆ ಬಿಟ್ಟ ಮೇಲೆ ಎರಡು ವರ್ಷ ಒಂದು ಹನಿ ಬಿದ್ದಿಲ್ಲ. ಇವತ್ತು ಹೇಗೋ ಕೈಕೊಟ್ಟಿತು."

"ಒಂದು ಹನಿ ಬೀಳದ ಕಾರಿಗೆ ಮೂರು ಕ್ಯಾನು ನೀರು ಯಾಕೆ?"

"ಘಟ್ಟ ಅಲ್ಲವೇ, ಮೇಸ್ತ್ರಿ."

"ಘಟ್ಟ ನೀರು ಕುಡಿಯುವುದಿಲ್ಲ."

ಹೆಂಡತಿ ಕಾರಿನೊಳಗಿಂದ ನಕ್ಕಳು. ಮೇಸ್ತ್ರಿ ಅವಳಿಗೂ ಕೇಳುವ ಹಾಗೆ ಹೇಳಿದ. ಬಾಯಿ ಮುಚ್ಚಿದಾಗ ಬಿಸಿಯಾದ ನೀರು ಒಳಗೆ ಒತ್ತುತ್ತದೆ. ಆ ಒತ್ತಡ ಇದ್ದರೆ ನೀರು ಬೇಗ ಕುದಿಯುವುದಿಲ್ಲ. ಆ ಬಲದಿಂದಲೇ ಕಾರು ಘಟ್ಟ ಹತ್ತಬೇಕು. ಒತ್ತಡ ಬಿಟ್ಟರೆ ಪೈಪು ಉಳಿಯುತ್ತದೆ, ನೀರು ಆವಿಯಾಗಿ ಹೋಗುತ್ತದೆ. ಅಷ್ಟು ಹೇಳಿ ಅವನು ಕೆಲಸಕ್ಕೆ ಇಳಿದ.

ಕೆಳಗೆ ಬೋಗುಣಿ ಇಟ್ಟು ನೀರು ಇಳಿಸಿದ. ಹಳೆಯ ಪೈಪನ್ನು ಬೆರಳಲ್ಲಿ ಒತ್ತಿದ. ಅದು ಬೆಂದ ಬದನೆಕಾಯಿಯಂತೆ ಮೆತ್ತಗಿತ್ತು. ತುದಿ ಕತ್ತರಿಸುವ ಮಾತನ್ನು ಡ್ರೈವರು ಮತ್ತೆ ಎತ್ತಲಿಲ್ಲ. ಪೈಪು ರೇಡಿಯೇಟರಿನ ಕೊರಳಿಗೆ ಕಚ್ಚಿಕೊಂಡಿತ್ತು. ಎಳೆದರೆ ಕೊರಳು ಮುರಿಯುತ್ತದೆ. ಮೇಸ್ತ್ರಿ ಎಳೆಯಲಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಬಾಳೆಹಣ್ಣು ಸುಲಿದಂತೆ ಸುಲಿದು ತೆಗೆದ. ಕೊರಳಿನ ಮೇಲಿನ ತುಕ್ಕನ್ನು ಪಾಲಿಶ್ ಕಾಗದದಿಂದ ಉಜ್ಜಿದ. ಕಣ್ಣಿಗೆ ನುಣುಪಾದ ಮೇಲೂ ಉಜ್ಜಿದ. ಬೆರಳು ಸುತ್ತಿಸಿ ನೋಡಿ, ಬೆರಳು ಒಪ್ಪಿದ ಮೇಲೆ ನಿಲ್ಲಿಸಿದ. ಹೊಸ ಪೈಪು ಕೂರಿಸಿ, ತುದಿಯಿಂದ ಅರ್ಧ ಬೆರಳು ಬಿಟ್ಟು ಕ್ಲಿಪ್ಪು ಹಾಕಿದ. ಬಿಗಿ ಮಾಡುವಾಗ ಡ್ರೈವರು, "ಇನ್ನೂ ಸ್ವಲ್ಪ ತಿರುಗಿಸಿ" ಎಂದ. ಮೇಸ್ತ್ರಿ, "ನೀವು ಇನ್ನೂ ಸ್ವಲ್ಪ ತಿರುಗಿಸಿದ್ದಕ್ಕೇ ಹಳೆಯದು ಸೀಳಿದ್ದು" ಎಂದ.

ನೀರಿಗೆ, ಇಂಜಿನ್ನನ್ನು ತಣ್ಣಗಿಡುವ ಹಸಿರು ಕೂಲಂಟು ಬೆರೆಸಿ ನಿಧಾನವಾಗಿ ಹೊಯ್ದ. ಇಂಜಿನ್ನು ಶುರು ಮಾಡಿಸಿ, ಪೈಪನ್ನು ಅಮುಕಿ ಅಮುಕಿ ಒಳಗಿನ ಗಾಳಿ ಬಿಡಿಸಿದ. ಗುಳ್ಳೆ ನಿಂತ ಮೇಲೆ ಮುಚ್ಚಳವನ್ನು ಎರಡನೆಯ ಕಚ್ಚಿಗೆ ತಿರುಗಿಸಿದ. ಟಕ್ ಎಂದಿತು. ಆಮೇಲೆ ಸ್ಟೂಲನ್ನು ಕಾರಿನ ಮುಂದೆಯೇ ಹಾಕಿಕೊಂಡು, ಮೊಣಕಾಲ ಮೇಲೆ ಕೈ ಇಟ್ಟು ಕೂತ.

"ಆಯಿತಲ್ಲ, ಮೇಸ್ತ್ರಿ. ಇನ್ನು ಏನು ಕಾಯುತ್ತಿದ್ದೀರಿ?"

"ಸೋರುತ್ತದೋ ನೋಡುತ್ತಿದ್ದೇನೆ."

ಡ್ರೈವರಿಗೆ ಅರ್ಥವಾಗಲಿಲ್ಲ. ಹತ್ತು ನಿಮಿಷ ಕಳೆಯಿತು. ರೇಡಿಯೇಟರಿನ ಕೆಳಗೆ, ಯಾರೂ ಮುಟ್ಟದ ಇನ್ನೊಂದು ಪೈಪಿನ ಬಾಗಿನಲ್ಲಿ, ಒಂದು ಹಸಿರು ಹನಿ ಹುಟ್ಟಿತು. ಅದು ದಪ್ಪವಾಗಿ ಬಿತ್ತು. ಅದರ ಹಿಂದೆ ಇನ್ನೊಂದು.

ಮೇಸ್ತ್ರಿ ಬಗ್ಗಿ ಅದನ್ನು ಬೆರಳಿಗೆ ತಗುಲಿಸಿಕೊಂಡ. ಕಾಯುತ್ತಿದ್ದ ನೆಂಟ ಬಂದ ಹಾಗೆ ಅವನ ಮುಖ ಅರಳಿತು.

ಡ್ರೈವರು ರೇಗಿದ. "ನಾನು ಬಂದಾಗ ಈ ಪೈಪು ಸೋರುತ್ತಿರಲಿಲ್ಲ. ಒಂದು ಸರಿ ಮಾಡಿ ಇನ್ನೊಂದನ್ನು ಕೆಡಿಸಿದಿರಿ. ಇದೇ ನಿಮ್ಮ ಕೆಲಸವೇ?"

"ಅದು ಮೊದಲೇ ಕೆಟ್ಟಿತ್ತು, ಯಜಮಾನರೇ. ನೀವು ಅದರ ಮೇಲೆ ಭಾರ ಹಾಕಿರಲಿಲ್ಲ, ಅಷ್ಟೇ. ಇದನ್ನೂ ಬದಲಾಯಿಸಬೇಕು. ಮತ್ತೆ ಆರಬೇಕು."

ಗಡಿಯಾರ ಏಳೂವರೆ ತೋರಿಸುತ್ತಿತ್ತು. ಡ್ರೈವರು ಮನಸ್ಸಿನಲ್ಲೇ ಲೆಕ್ಕ ಹಾಕಿದ. "ಬೇಡ. ಮುಚ್ಚಳ ಒಂದು ಕಚ್ಚಿಗೆ ಬಿಡಿ. ಹನಿ ನಿಲ್ಲುತ್ತದೆ. ಈಗ ಹೊರಟರೆ ನಿಂತು ನಿಂತು ಹೋದರೂ ಹತ್ತಕ್ಕೆ ಸರಿಯಾಗಿ ಮುಟ್ಟುತ್ತೇನೆ. ಹಾಸಿಗೆ ಹೋದರೆ ಇವಳು ಹೋದಹಾಗೆ. ನಿಮಗೆ ಗೊತ್ತಾಗುವುದಿಲ್ಲ."

ಮೇಸ್ತ್ರಿ ಅವನ ಕೈಗೆ ಮುಚ್ಚಳದ ಬಟ್ಟೆ ಕೊಟ್ಟ. "ಕಾರು ನಿಮ್ಮದು. ತಿರುಗಿಸಿಕೊಂಡು ಹೋಗಿ. ನಾನು ತಿರುಗಿಸುವುದಿಲ್ಲ. ಸೋರುವುದಿದ್ದರೆ ನನ್ನ ಕಣ್ಣೆದುರು ಸೋರಲಿ ಎಂದು ಕೂತವನು ನಾನು. ಘಟ್ಟದ ಏಳನೆಯ ತಿರುವಿನಲ್ಲಿ ಸೋರಿದರೆ ಅಲ್ಲಿ ನಾನಿರುವುದಿಲ್ಲ."

ಡ್ರೈವರು ಬಟ್ಟೆ ಹಿಡಿದು ನಿಂತ. ಆಗ ಹೆಂಡತಿ ಕಾರಿನಿಂದ ಇಳಿದಳು. ಇಳಿಯುವುದೇ ಅವಳಿಗೆ ಕಷ್ಟ. ಬಾಗಿಲು ಹಿಡಿದುಕೊಂಡು ಹೇಳಿದಳು:

"ರೀ, ನನ್ನನ್ನು ಯಂತ್ರಕ್ಕೆ ಹಾಕುವ ಮೊದಲು ನರ್ಸಮ್ಮ ಏನು ಮಾಡುತ್ತಾಳೆ ನೋಡಿದ್ದೀರಾ? ನೀವೆಲ್ಲಿ ನೋಡುತ್ತೀರಿ, ಹೊರಗೆ ಬೀಡಿ ಸೇದುತ್ತಿರುತ್ತೀರಿ. ಎಲ್ಲ ನಳಿಗೆಗಳಲ್ಲಿ ಮೊದಲು ಉಪ್ಪುನೀರು ಹರಿಸುತ್ತಾಳೆ. ಪ್ರತಿ ಜೋಡಣೆಯನ್ನೂ ಬೆರಳಿಟ್ಟು ನೋಡುತ್ತಾಳೆ. ನಾನು ಮಲಗಿ ಕಾಯುತ್ತಿರುತ್ತೇನೆ. ಆಮೇಲೆ ನನ್ನ ರಕ್ತ. ಒಂದು ದಿನ ಅವಳು, ಹೊತ್ತಾಯಿತು ಎಂದು ನೋಡದೆ ಬಿಟ್ಟರೆ ನಾನು ಮಲಗುವುದಿಲ್ಲ. ಈ ಅಣ್ಣ ಅದೇ ಮಾಡುತ್ತಿದ್ದಾರೆ. ಬಟ್ಟೆ ಅವರಿಗೆ ಕೊಟ್ಟು ಕೂತುಕೊಳ್ಳಿ."

"ಹಾಸಿಗೆ ಹೋದರೆ?"

"ಹೋದರೆ ಹೋಗುವುದು ನನ್ನದು. ಕೂತುಕೊಳ್ಳಿ."

ಅವನು ಬಟ್ಟೆ ಕೊಟ್ಟ.

ಮೇಸ್ತ್ರಿ ಅವಳ ಕಡೆ ನೋಡಿ ತಲೆ ಬಾಗಿಸಿದ. ಇಂಜಿನ್ನು ಆರುವ ತನಕ ಗೋಡೆಯ ಮೊಳೆಗಳಿಗೆ ನೇತುಹಾಕಿದ್ದ ಪೈಪುಗಳಲ್ಲಿ ಅದೇ ಬಾಗು ಇರುವುದನ್ನು ಹುಡುಕಿದ. ಮೂರನ್ನು ತೆಗೆದು ಅಳೆದು ಹಿಂದಕ್ಕೆ ಹಾಕಿದ. ನಾಲ್ಕನೆಯದು ಕೂತಿತು. ಆರಿದ ಮೇಲೆ ಗೋಣಿಚೀಲ ಹಾಸಿ ಕಾರಿನ ಕೆಳಗೆ ಮಲಗಿದ. ಮತ್ತೆ ಬೋಗುಣಿ, ಮತ್ತೆ ಬ್ಲೇಡು, ಮತ್ತೆ ಅದೇ ಉಜ್ಜುವಿಕೆ. ಎರಡನೆಯ ಸಲ ಮಾಡುತ್ತಿದ್ದೇನೆಂಬ ಬೇಸರ ಅವನ ಕೈಯಲ್ಲಿ ಇರಲಿಲ್ಲ. ಕೊರಳಿನ ಹಿಂಬದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿಯೂ ಬೆರಳು ಒಪ್ಪುವ ತನಕ ಉಜ್ಜಿದ. ನಾನು ಕ್ಯಾನು ಕೆಳಗಿಟ್ಟು ಆ ಬೆರಳನ್ನೇ ನೋಡುತ್ತಿದ್ದೆ. ಆ ಹೊತ್ತಿನಲ್ಲಿ ಜಪಮಾಲೆ ಮುಟ್ಟುವುದು ಮರೆತಿದ್ದೆ.

ಮುಚ್ಚಳ ಎರಡನೆಯ ಕಚ್ಚಿಗೆ ಕೂತಿತು. ಅವನು ಸ್ಟೂಲಿನ ಮೇಲೆ ಕೂತ. ಈ ಸಲ ಡ್ರೈವರೂ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ. ಹೆಂಡತಿ ಬಾಗಿಲು ಹಿಡಿದು ನಿಂತೇ ಇದ್ದಳು. ನಾಲ್ಕು ಜನ ಒಂದು ಹಳೆಯ ಕಾರಿನ ಹೊಟ್ಟೆಯ ಕೆಳಗಿನ ಒಣ ನೆಲವನ್ನು ನೋಡುತ್ತಾ ಇದ್ದೆವು. ನೆಲ ಒಣಗಿಯೇ ಉಳಿಯಿತು.

ಎಂಟೂ ಮುಕ್ಕಾಲಿಗೆ ಹೊರಟೆವು. ಡ್ರೈವರು ಬೆವರುತ್ತಿದ್ದ. ಏಳನೆಯ ತಿರುವಿನಲ್ಲಿ ಅವನು ಯಾವಾಗಲೂ ನಿಲ್ಲುವ ಜಾಗ ಬಂತು. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

"ಕಾರಿಗೆ ಬಾಯಾರಿಲ್ಲ, ನಡೆಯಿರಿ" ಎಂದಳು ಹೆಂಡತಿ.

ಆಸ್ಪತ್ರೆ ಮುಟ್ಟಿದಾಗ ಹತ್ತಕ್ಕೆ ಇನ್ನೂ ಕಾಲು ಗಂಟೆ ಇತ್ತು. ನರ್ಸು ಗಡಿಯಾರ ನೋಡಿ, "ಏನಮ್ಮ, ಇವತ್ತು ದಾರಿಯೇ ಸಣ್ಣದಾಯಿತೇ?" ಎಂದಳು. ನನ್ನ ತೊಡೆಯ ಮೇಲಿದ್ದ ಕ್ಯಾನು ಹತ್ತಿದಾಗ ಹೇಗೆ ತುಂಬಿತ್ತೋ ಇಳಿದಾಗಲೂ ಹಾಗೇ ತುಂಬಿತ್ತು. ಡ್ರೈವರು ಅದನ್ನು ಆಸ್ಪತ್ರೆಯ ಬಾಗಿಲಲ್ಲಿದ್ದ ತುಳಸಿಗೆ ಹೊಯ್ದ.

ಗುರುಗಳು ನಿಲ್ಲಿಸಿದರು.

ಕರಿಬಸಯ್ಯ ಸಂತೋಷಪಟ್ಟ. "ದೊಡ್ಡ ಮನುಷ್ಯ ಆ ಮೇಸ್ತ್ರಿ. ಆ ತಾಯಿಯೂ ಅಷ್ಟೇ" ಎಂದ. ಆಮೇಲೆ ನಗು ತಡೆಯಲಾರದೆ, "ಆದರೆ ಆ ಡ್ರೈವರು, ಗುರುಗಳೇ. ಮುಚ್ಚಳ ಸಡಿಲ ಬಿಟ್ಟುಕೊಂಡು, ಎರಡು ವರ್ಷ ನನ್ನ ಕಾರು ಸೋರಿಲ್ಲ ಎಂದು ಹೇಳಿಕೊಂಡು ತಿರುಗಿದನಲ್ಲ" ಎಂದ.

ಗುರುಗಳೂ ನಕ್ಕರು. ಪಕ್ಕದಲ್ಲಿದ್ದ ನೀರಿನ ತಂಬಿಗೆಯನ್ನು ಎತ್ತಿ ಅವನ ಕೈಗೆ ಕೊಟ್ಟರು.

"ನಿನ್ನ ಅಣ್ಣ ಬೆಳಿಗ್ಗೆಯಿಂದ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾನೆ, ಇದನ್ನು ಕೊಟ್ಟು, ಅವನು ಕುಡಿಯುವ ತನಕ ಎದುರಿಗೆ ಕೂತು ಬಾ."